ದಿಲ್ಲಿ ಕೊಂಬೆಗೆ ತಂತಿ ಸುತ್ತಿದ್ದು

೨೦೦೮, ಜೂನ್ ೮, ಭಾನುವಾರ. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ. ನಮ್ಮ ಸೆಕ್ಟರಿನಲ್ಲಿ ಈಚೆಗೆ ಎಂಟೂವರೆ ಸುಮಾರಿಗೆ ಕರೆಂಟು ಹೋಗುತ್ತದೆ. ಫ್ಯಾನು ನಿಂತ ಮೇಲೆ ಜೂನ್ ತಿಂಗಳಲ್ಲಿ ದಿಲ್ಲಿಯ ಆರ್.ಕೆ.ಪುರಂನಲ್ಲಿ ಯಾರೂ ಪ್ರಬಂಧ ಬರೆಯಲಾರರು. ಆದ್ದರಿಂದ ಸ್ವಲ್ಪ ಅವಸರವಿದೆ.

ಮೇಜಿನ ಮೇಲೆ ಒಂದು ಐಸ್‌ಕ್ರೀಮ್ ಕಡ್ಡಿ ಇದೆ. ಸ್ಟೇಪ್ಲರಿನ ಪಿನ್ನು ಹುಡುಕಲು ಡ್ರಾಯರ್ ಎಳೆದಾಗ ಸಿಕ್ಕಿತು. ಅರ್ಧ ಮರದ ಬಣ್ಣ, ಅರ್ಧ ಕೆಸರಿನ ಬಣ್ಣ. ಉದ್ದಕ್ಕೂ ಬಾಲ್‌ಪೆನ್ನಿನ ಸಣ್ಣ ಗೆರೆಗಳು, ಗೆರೆಗಳ ಪಕ್ಕ ವಾರಗಳ ಮೊದಲಕ್ಷರ: ಸೋ, ಮಂ, ಬು. ಅಕ್ಷರ ನನ್ನದೇ. ಬೇರೆ ಯಾರು ತಾನೇ ಐಸ್‌ಕ್ರೀಮ್ ಕಡ್ಡಿಯ ಮೇಲೆ ವಾರ ಬರೆದಾರು?

ಇದು ಮಣ್ಣಿನ ತೇವ ಅಳೆಯುವ ನನ್ನ ಸಲಕರಣೆ. ಕುಂಡದ ಮಣ್ಣಿಗೆ ಚುಚ್ಚಿ, ಹಲ್ಲುಜ್ಜಿ ಬರುವಷ್ಟು ಹೊತ್ತು ಬಿಟ್ಟು, ಮೆಲ್ಲಗೆ ಎಳೆಯಬೇಕು. ಎಲ್ಲಿಯವರೆಗೆ ತೇವವಿದೆಯೋ ಅಲ್ಲಿಯವರೆಗೆ ಕಡ್ಡಿ ಕಪ್ಪಾಗಿರುತ್ತದೆ. ಅಲ್ಲಿಗೆ ಒಂದು ಗೆರೆ. ಚಿಕ್ಕವಳಿದ್ದಾಗ ಇಂಡಿಯಾ ಗೇಟಿನ ಹುಲ್ಲಿನ ಮೇಲೆ ಇಂಥ ಕಡ್ಡಿ ಹೆಕ್ಕಿ ಮನೆಗೆ ತರುತ್ತಿದ್ದೆ. ಬೇರೆಯವರು ತಿಂದು ಎಸೆದದ್ದನ್ನೂ ತರುತ್ತಿದ್ದೆ ಎಂದು ಅಮ್ಮ ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ತಂದು ಏನು ಮಾಡುತ್ತಿದ್ದೆ ಅನ್ನುತ್ತೀರಾ? ಕಟ್ಟು ಕಟ್ಟಿ, ಎಣಿಸಿ ಇಡುತ್ತಿದ್ದೆ, ಅಷ್ಟೇ.

ತೇವದ ಮೇಲೂ ನನಗೆ ಆಗಿನಿಂದಲೇ ಕಣ್ಣು. ಆರನೇ ತರಗತಿಯಲ್ಲಿದ್ದಾಗ ನಮ್ಮ ಕ್ವಾರ್ಟರ್ಸಿನ ಒಳಕೋಣೆಯ ಗೋಡೆಗೆ ಕೆಳಗಿನಿಂದ ತೇವ ಏರತೊಡಗಿತು. ನಾನು ಪ್ರತಿ ಭಾನುವಾರ ಆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದೆ. ಮಳೆಗಾಲ ಮುಗಿಯುವಾಗ ಗೋಡೆ ಭೂಗೋಳದ ಪುಸ್ತಕದ ಬೆಟ್ಟದ ನಕ್ಷೆಯ ಹಾಗೆ ಕಾಣುತ್ತಿತ್ತು. ಅಪ್ಪನಿಗೆ ಬಹಳ ಸಂತೋಷವಾಯಿತು. ಸೆಕ್ಷನ್ ಆಫೀಸರ್ ಆದವರಿಗೆ ದಾಖಲೆ ಎಂದರೆ ಪ್ರಾಣ. ರಿಪೇರಿಯವರನ್ನು ಕರೆತಂದು, ‘ನೋಡಿ, ವಾರವಾರದ ಲೆಕ್ಕ ಇದೆ’ ಎಂದು ತೋರಿಸಿದರು. ಬಂದವನು ಸ್ವಲ್ಪ ಹೊತ್ತು ನೋಡಿ, ‘ಬಚ್ಚೀ ಕೀ ಡ್ರಾಯಿಂಗ್ ಅಚ್ಛೀ ಹೈ’ ಎಂದು ಚಿತ್ರವನ್ನು ಹೊಗಳಿ, ನನ್ನ ತಲೆ ಸವರಿ ಹೋದ. ಮುಂದಿನ ವಾರ ಸುಣ್ಣ ಬಳಿದರು. ಮರುವರ್ಷದ ಜುಲೈನಲ್ಲಿ ತೇವ ಮತ್ತೆ ಬಂತು. ನನ್ನ ತಾರೀಕುಗಳು ಬರಲಿಲ್ಲ.

ಇನ್ನೊಂದು ನೆನಪು ಸ್ವೆಟರಿನದು. ಜನವರಿಯ ದಿಲ್ಲಿಯಲ್ಲಿ ಬಟ್ಟೆ ತಣ್ಣಗಿದೆಯೋ ಒದ್ದೆ ಇದೆಯೋ ಎಂದು ಕೈಗೆ ಗೊತ್ತಾಗುವುದಿಲ್ಲ. ಅಮ್ಮ ಶಾಲೆಯ ಸ್ವೆಟರನ್ನು ಹಗ್ಗದಿಂದ ತೆಗೆದು ಕೆನ್ನೆಗೆ ಒತ್ತಿ ನೋಡಿ, ‘ಒಣಗಿದೆ, ಹಾಕ್ಕೋ’ ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಮೈಯ ಶಾಖಕ್ಕೆ ಅದು ನಿಜಕ್ಕೂ ಒಣಗುತ್ತಿತ್ತು. ಅಮ್ಮನ ಮಾತು ಸುಳ್ಳಾದದ್ದಿಲ್ಲ, ಸ್ವಲ್ಪ ಮುಂಚೆ ಹೇಳಿದಂತಾಗುತ್ತಿತ್ತು, ಅಷ್ಟೇ.

ಈಗ ಬೋನ್ಸಾಯ್‌ಗೆ ಬರುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಒಂದು ನರ್ಸರಿಯಲ್ಲಿ ಎರಡು ಭಾನುವಾರದ ತರಗತಿಗೆ ಹೋಗಿದ್ದೆ. ಗಿಡವನ್ನು ಗಿಡ್ಡವಾಗಿ ಬೆಳೆಸುವುದು ಕಷ್ಟವಲ್ಲ. ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಅದು ತಾನಾಗಿಯೇ ಗಿಡ್ಡ ಬೆಳೆಯುತ್ತದೆ. ಕಷ್ಟವಿರುವುದು ಆಕಾರ ಕೊಡುವುದರಲ್ಲಿ. ಕೊಂಬೆಗೆ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿ, ಬೇಕಾದ ಕಡೆಗೆ ಬಾಗಿಸಿ, ಕೊಂಬೆ ಆ ಬಾಗನ್ನು ಕಲಿತುಕೊಳ್ಳುವವರೆಗೆ ಕೆಲವು ತಿಂಗಳು ಹಾಗೆಯೇ ಬಿಡುತ್ತಾರೆ. ಕಲಿಸಿದ ಮೇಡಂ ಮಾತು ಕಡಿಮೆ. ‘ತಂತಿ ಸುತ್ತುವ ಮುಂಚೆ ನೀರು ಕೊಡಬೇಡಿ, ಮಣ್ಣು ಒಣಗಲಿ’ ಎಂದು ಹಿಂದಿಯಲ್ಲಿ ಹೇಳಿದರು. ನಾನು ಕೈ ಎತ್ತಿ, ಎಷ್ಟು ಒಣಗಬೇಕು ಎಂದು ಕೇಳಿದೆ. ‘ಎಷ್ಟು ಬೇಕೋ ಅಷ್ಟು’ ಎಂದರು. ಎಲ್ಲರೂ ನಕ್ಕರು. ನಾನು ಅಷ್ಟನ್ನೂ ಬರೆದುಕೊಂಡೆ.

ಕಾರಣವೇನೋ ಅಡುಗೆಮನೆಯಲ್ಲೇ ಸಿಗುತ್ತದೆ. ಅಮ್ಮ ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತಾಳೆ. ತಾಜಾ ಇದ್ದರೆ ಚಟ್ ಎನ್ನುತ್ತದೆ. ಬಾಡಿದ್ದು ಬಾಗುತ್ತದೆ, ಮುರಿಯುವುದಿಲ್ಲ. ‘ಎಲ್ಲಾ ಮುರಿದ ಮೇಲೆ ಉಳಿದದ್ದನ್ನು ಯಾರಿಗೆ ಮಾರಲಿ ಬೆಹೆನ್‌ಜೀ?’ ಎಂದು ಸಂತೆಯ ಭಯ್ಯಾ ಪ್ರತಿ ವಾರ ಗೊಣಗುತ್ತಾನೆ. ಕೊಂಬೆಯೂ ಹಾಗೆಯೇ. ನೀರು ಕುಡಿದು ಬಿಗಿಯಾಗಿದ್ದರೆ ಮುರಿಯುತ್ತದೆ, ಸ್ವಲ್ಪ ಬಾಯಾರಿದ್ದರೆ ಬಾಗುತ್ತದೆ. ಹೀಗೆಂದು ತತ್ವ. ನನ್ನ ಲೆಕ್ಕದಲ್ಲಿ ಆ ಹೊತ್ತಿಗೆ ತಂತಿ ಸುತ್ತಿದ ಕೊಂಬೆ ಹನ್ನೊಂದು, ಮುರಿದದ್ದು ಮೂರು. ಮುರಿದ ಮೂರಕ್ಕೂ ಹಿಂದಿನ ದಿನ ನೀರು ಹಾಕಿದ್ದೆ. ಮುರಿಯದ ಎಂಟರಲ್ಲಿ ಐದಕ್ಕೂ ಹಿಂದಿನ ದಿನ ನೀರು ಹಾಕಿದ್ದೆ. ಇದರಿಂದ ಏನು ಸಿದ್ಧವಾಯಿತೆಂದು ನನ್ನನ್ನು ಕೇಳಬೇಡಿ.

ಇಷ್ಟು ವಿದ್ಯೆಯ ಮೇಲೆ ಪೂವಮ್ಮ ಆಂಟಿ ತಮ್ಮ ಗಿಡವನ್ನು ನನ್ನ ಕೈಗೆ ಕೊಟ್ಟರು.

ಪೂವಮ್ಮ ಆಂಟಿ ಕೊಡಗಿನವರು, ಆಗ ನಮ್ಮ ಎದುರಿನ ಬ್ಲಾಕಿನಲ್ಲಿದ್ದರು. ಅವರ ಯಜಮಾನರು ಸೋಮಯ್ಯ ಅಂಕಲ್ ಸೇನೆಯಲ್ಲಿ ಸುಬೇದಾರ್. ಆಂಟಿಯ ಬಳಿ ಒಂದೇ ಒಂದು ಬೋನ್ಸಾಯ್ ಇತ್ತು, ಬೋಗನ್‌ವಿಲ್ಲಾ, ನಮ್ಮ ಕಡೆ ಕಾಗದದ ಹೂವು ಎನ್ನುತ್ತಾರಲ್ಲ, ಅದು. ಪಠಾಣ್‌ಕೋಟಿನಲ್ಲಿದ್ದಾಗ ಯಾರದೋ ಬೇಲಿಯಿಂದ ಕಡ್ಡಿ ತಂದು ನೆಟ್ಟದ್ದಂತೆ. ವರ್ಗವಾದಾಗಲೆಲ್ಲ ಗಿಡವೂ ಹಳೆಯ ಚಹಾ ಪೆಟ್ಟಿಗೆಯೊಂದರಲ್ಲಿ ಕೂತು ಊರೂರು ಸುತ್ತಿತ್ತು. ಪ್ರತಿ ಊರಿನಲ್ಲಿ ಹುಟ್ಟಿದ ಕೊಂಬೆಗಳಲ್ಲಿ ಆಂಟಿ ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಸವರುತ್ತಿದ್ದರು. ಹಾಗಾಗಿ ಕೆಳಗಿನದು ಪಠಾಣ್‌ಕೋಟ್, ಹಿಂದಿನದು ತೇಜ್‌ಪುರ, ನೆತ್ತಿಯದು ಸಿಕಂದರಾಬಾದ್, ಬಲಗಡೆ ಚಾಚಿದ್ದು ದಿಲ್ಲಿ. ಮನೆಗೆ ಬಂದವರಿಗೆ ಅವರು ಗಿಡ ತೋರಿಸುವ ರೀತಿಯೂ ಹಾಗೆಯೇ. ‘ತೇಜ್‌ಪುರಕ್ಕೆ ಈ ಸಲ ಹೂವೇ ಬಂದಿಲ್ಲ ನೋಡು’ ಎನ್ನುತ್ತಿದ್ದರು.

೨೦೦೬ರ ಮಾರ್ಚಿನಲ್ಲಿ ಅಂಕಲಿಗೆ ಜಬಲ್ಪುರಕ್ಕೆ ವರ್ಗವಾಯಿತು. ಸಾಮಾನು ಸಾಗಿಸಲು ಇನ್ನೊಂದು ಕುಟುಂಬದ ಜೊತೆ ಸೇರಿ ಒಂದು ಲಾರಿ ಗೊತ್ತುಮಾಡಿದರು. ಅರ್ಧ ಲಾರಿ ಇವರದು. ಅಂಕಲ್ ಟೇಪು ಹಿಡಿದು ಪ್ರತಿಯೊಂದಕ್ಕೂ ಜಾಗ ಗುರುತಿಸಿದ್ದರು. ಫ್ರಿಜ್ಜಿಗೂ ಕಪ್ಪು ಟ್ರಂಕುಗಳಿಗೂ ನಡುವೆ ಚಹಾ ಪೆಟ್ಟಿಗೆ. ಗಿಡವನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದರೆ ದಿಲ್ಲಿ ಕೊಂಬೆ ಒಂದು ಗೇಣು ಹೊರಗೆ.

‘ಕತ್ತರಿಸು ಅದನ್ನ. ಜಬಲ್ಪುರದಲ್ಲಿ ಇನ್ನೊಂದು ಬರುತ್ತೆ’ ಎಂದರು ಅಂಕಲ್.

‘ಎಲ್ಲಾ ಊರಿದ್ದೂ ಇದೆ. ದಿಲ್ಲಿದು ಮಾತ್ರ ಇಲ್ಲೇ ಬಿಟ್ಟು ಹೋಗಬೇಕಾ?’

‘ದೊಡ್ಡ ಪೆಟ್ಟಿಗೆ ಮಾಡಿಸಿದ್ರೆ ಫ್ರಿಜ್ ಬಿಟ್ಟು ಹೋಗಬೇಕು. ಯಾವುದು ಬೇಕು ಹೇಳು, ಚಲೋ.’

‘ಫ್ರಿಜ್ಜೇ ಬಿಡಿ. ಅದರಲ್ಲಿ ಇರೋದು ನಿಮ್ಮ ಐಸ್ ನೀರು ತಾನೇ’ ಎಂದು ಆಂಟಿ ನನ್ನ ಕಡೆ ತಿರುಗಿದರು. ‘ನೀನು ತಂತಿ ಸುತ್ತೋದು ಕಲಿತಿದ್ದೀಯಲ್ಲಾ ಮಗಳೇ. ಇದನ್ನ ಒಳಗಡೆಗೆ ಬಾಗಿಸಿ ಕೊಡ್ತೀಯಾ? ಮುರಿಯಬಾರದು.’

ಲಾರಿ ಬರುವುದು ಭಾನುವಾರ. ಅಂದು ಅದರ ಹಿಂದಿನ ಸೋಮವಾರ. ಕೊಂಬೆ ಪೆನ್ಸಿಲಿನಷ್ಟು ದಪ್ಪ, ಮೂರು ವರ್ಷದ್ದು. ಬೋಗನ್‌ವಿಲ್ಲಾ ಬಲಿತ ಮೇಲೆ ಬಾಗುವುದಕ್ಕಿಂತ ಮುರಿಯುವುದಕ್ಕೇ ಹೆಸರಾದ ಗಿಡ. ಮುರಿದರೆ ಆಂಟಿ ಐದು ವರ್ಷ ಇದ್ದ ಊರು ಗಿಡದಿಂದ ಅಳಿಸಿಹೋಗುತ್ತದೆ. ನಾನು ಒಪ್ಪಿಕೊಂಡೆ. ಯಾಕೆಂದು ಈಗ ಹೇಳುವುದು ಕಷ್ಟ. ಲೆಕ್ಕಕ್ಕೆ ಹನ್ನೆರಡನೆಯ ಕೊಂಬೆ ಸಿಗುತ್ತದೆಂಬ ಆಸೆ ಇದ್ದಿರಬೇಕು.

ಕುಂಡವನ್ನು ನಮ್ಮ ಬಾಲ್ಕನಿಗೆ ತಂದಿಟ್ಟೆ. ಮೂರು ಬೆರಳು ಆಳದ ಕುಂಡ. ಮಾರ್ಚಿನ ಒಣಗಾಳಿಗೆ ಎರಡು ದಿನದಲ್ಲಿ ಒಣಗಬೇಕು. ಯಾರೂ ನೀರು ಹಾಕಬಾರದೆಂದು ಅಮ್ಮನಿಗೆ ಹೇಳಿ, ಕಡ್ಡಿ ಚುಚ್ಚಿ ನೋಡಿದೆ. ಸೋಮವಾರ ಎರಡೂವರೆ ಬೆರಳು ತೇವ. ಮಂಗಳವಾರ ಎರಡೂವರೆ. ಬುಧವಾರ ಮೂರು. ನೀರೇ ಹಾಕದ ಕುಂಡದಲ್ಲಿ ತೇವ ಹೆಚ್ಚಾಗಿತ್ತು.

ದಿಲ್ಲಿಯ ಕ್ವಾರ್ಟರ್ಸುಗಳಲ್ಲಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗಬೇಕಿತ್ತು. ನನಗೆ ಬುಧವಾರದವರೆಗೆ ಆಗಲಿಲ್ಲ. ನಮ್ಮಲ್ಲಿ ನಲ್ಲಿ ನೀರು ಬರುವುದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೆಳಗಿನ ನೀರಿನ ಸದ್ದು ಕೇಳಿದ ಕೂಡಲೇ ಹಿಂದಿನ ದಿನ ತುಂಬಿಟ್ಟದ್ದು ಹಳೆಯ ನೀರಾಗುತ್ತದೆ. ಬಿಂದಿಗೆ, ಬಕೆಟ್, ಸ್ಟೀಲಿನ ಡಬ್ಬ ಎಲ್ಲ ಖಾಲಿಯಾಗಿ ಹೊಸ ನೀರಿಗೆ ಬಾಯ್ತೆರೆದು ನಿಲ್ಲಬೇಕು. ಚರಂಡಿಗೆ ಚೆಲ್ಲಲು ಮನಸ್ಸು ಬರುವುದಿಲ್ಲ, ಬಾಲ್ಕನಿಯ ಕುಂಡಗಳಿಗೆ ಹೋಗುತ್ತದೆ. ಅಮ್ಮ ಇದನ್ನು ಇಪ್ಪತ್ತು ವರ್ಷದಿಂದ ಅರೆನಿದ್ದೆಯಲ್ಲಿ ಮಾಡುತ್ತಾ ಬಂದವಳು. ಅವಳ ಪ್ರಕಾರ ಅದು ಗಿಡಕ್ಕೆ ನೀರು ಹಾಕುವುದಲ್ಲ, ಬಿಂದಿಗೆ ತೊಳೆಯುವುದು.

‘ಹಾಕಬೇಡ ಅಂದಿದ್ದೆನಲ್ಲಮ್ಮಾ.’

‘ನಾನೆಲ್ಲೇ ಹಾಕಿದೆ? ಬಿಂದಿಗೆ ಬಗ್ಗಿಸಿದೆ ಅಷ್ಟೇ.’

ಬುಧವಾರ ಸಂಜೆ ಕುಂಡವನ್ನು ಬಾಲ್ಕನಿಯಿಂದ ತೆಗೆದು, ಬಿಂದಿಗೆಯ ದಾರಿಗೆ ಸಿಗದಂತೆ ಮುಂದಿನ ಕೋಣೆಯ ಕಿಟಕಿಯಲ್ಲಿಟ್ಟೆ. ಗುರುವಾರ ಆಫೀಸಿನಿಂದ ಬಂದು ನೋಡಿದರೆ ಮೇಲ್ಮಣ್ಣು ಕರ್ರಗೆ ಹೊಳೆಯುತ್ತಿತ್ತು. ಮುಂದಿನ ಕೋಣೆಯಲ್ಲೇ ಪೂವಮ್ಮ ಆಂಟಿಯೂ ಅಮ್ಮನೂ ಕಾಫಿ ಕುಡಿಯುತ್ತಾ ಕೂತಿದ್ದರು.

‘ಎಲೆ ಜೋತುಬಿದ್ದಿತ್ತು, ಮಗಳೇ. ಒಂದೇ ಲೋಟ’ ಎಂದರು ಆಂಟಿ.

‘ನೀವೂ ಹಾಕಿದ್ರಾ?’ ಎಂದು ಅಮ್ಮ ಕೇಳಿದಳು. ಆ ಒಂದು ‘ಊ’ದಲ್ಲಿ ಎರಡನೆಯ ಲೋಟದ ಲೆಕ್ಕವೂ ಸಿಕ್ಕಿತು.

‘ಅಮ್ಮಾ!’

‘ಏನೇ ಅಮ್ಮಾ? ಬಾಲ್ಕನಿಲಿದ್ದಾಗ ಬೇರೆ. ಈಗ ನಮ್ಮ ಮನೆಯೊಳಗೆ ಬಂದು ಕೂತಿದೆ. ಬಂದವರಿಗೆ ಒಂದು ಲೋಟ ನೀರು ಕೊಡದೆ ಕೂರಿಸ್ತಾರಾ? ಅವರ ಮನೆ ಗಿಡ. ನಾಳೆ ಏನಾದ್ರೂ ಆದ್ರೆ ನನ್ನ ಮುಖ ಎಲ್ಲಿಟ್ಕೊಳ್ಳಲಿ?’

ಸಂದರ್ಭ ಹೀಗಿತ್ತು. ನೀರು ಕೊಟ್ಟರೆ ಕೊಂಬೆ ಮುರಿಯಬಹುದು, ಕೊಡದಿದ್ದರೆ ಮರ್ಯಾದೆ ಹೋಗುತ್ತದೆ. ಶನಿವಾರ ತಂತಿ ಸುತ್ತಲೇಬೇಕು, ಒಣಗಿಸಲು ಉಳಿದದ್ದು ಒಂದೇ ದಿನ. ನಾನು ಇಬ್ಬರಿಗೂ ಬೆಂಡೆಕಾಯಿಯ ಉದಾಹರಣೆ ಕೊಟ್ಟೆ. ಅಮ್ಮ ಒಪ್ಪಿದಳು, ಬೆಂಡೆಕಾಯಿಯ ಮಟ್ಟಿಗೆ. ಆಮೇಲೆ, ಆಂಟಿ ಹಾಕದಂತೆ ಅಮ್ಮ ನೋಡಿಕೊಳ್ಳುವುದು, ಅಮ್ಮ ಹಾಕದಂತೆ ಆಂಟಿ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಕುಂಡವನ್ನು ಮತ್ತೆ ಬಾಲ್ಕನಿಯ ಬಿಸಿಲಿಗೆ ಇಟ್ಟೆ. ಶುಕ್ರವಾರ ಇಡೀ ಹಗಲು ಇಬ್ಬರೂ ಅದರ ಎರಡು ಬದಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಆಂಟಿಯ ಮನೆಯಲ್ಲಿ ಅರ್ಧ ಸಾಮಾನು ಕಟ್ಟಿರಲಿಲ್ಲ. ಅಂಕಲ್ ಎದುರಿನ ಬ್ಲಾಕಿನ ಕಿಟಕಿಯಿಂದ, ‘ಡ್ಯೂಟಿ ಬದಲಿಸೋಕೆ ಯಾರಾದ್ರೂ ಬೇಕಾ?’ ಎಂದು ಕೂಗಿ ಕೇಳಿದರಂತೆ.

ಶುಕ್ರವಾರ ಸಂಜೆ ಎಲೆಗಳು ಜೋತವು. ಕಡ್ಡಿಯ ತುದಿಗೆ ಮಾತ್ರ ಒಂದು ಉಗುರಿನಷ್ಟು ಕಪ್ಪು. ಇನ್ನೂ ಒಂದು ರಾತ್ರಿ ಬಿಡೋಣ ಎಂದೆ. ಅಮ್ಮ ಆ ದಿನ ಊಟಕ್ಕೆ ಕೂತಾಗ ನನ್ನ ಲೋಟಕ್ಕೆ ಬೇಕಿದ್ದಕ್ಕಿಂತ ಹೆಚ್ಚು ಸದ್ದು ಮಾಡಿ ನೀರು ಬಗ್ಗಿಸಿದಳು.

ಶನಿವಾರ ಬೆಳಿಗ್ಗೆ ಕಡ್ಡಿ ಒಣಗಿಯೇ ಹೊರಬಂತು. ಎಲೆಗಳು ಹಿಂಡಿದ ಬಟ್ಟೆಯ ಹಾಗಿದ್ದವು. ಅಂಕಲ್ ಎರಡೂ ಕೈಯಿಂದ ಕುಂಡ ಹಿಡಿದು ಕೂತರು. ನಾನು ತಂತಿಯ ತುದಿಯನ್ನು ಕಾಂಡಕ್ಕೆ ಭದ್ರ ಮಾಡಿ, ಕೊಂಬೆಯ ಮೇಲೆ ಓರೆಯಾಗಿ ಸುತ್ತುತ್ತಾ ತುದಿಯವರೆಗೆ ಹೋದೆ.

‘ಏನು ಡಾಕ್ಟ್ರೇ, ಪೇಷಂಟಿಗೆ ಪ್ರಜ್ಞೆ ಇದೆಯಾ?’

‘ಸುಮ್ಮನೆ ಹಿಡ್ಕೊಳ್ಳಿ ಅಂಕಲ್, ಅಲ್ಲಾಡಬೇಡಿ.’

‘ಇಪ್ಪತ್ತಾರು ವರ್ಷ ಸರ್ವಿಸಲ್ಲಿ ಇದನ್ನೇ ಮಾಡಿರೋದು.’

ಎರಡು ಹೆಬ್ಬೆರಳನ್ನೂ ಕೊಂಬೆಗೆ ಒತ್ತಿ ಹಿಡಿದು, ಸ್ವಲ್ಪ ಸ್ವಲ್ಪವೇ ಒಳಕ್ಕೆ ತಂದೆ. ಬಂತು. ನಿಲ್ಲಿಸಿದೆ. ಇನ್ನಷ್ಟು ತಂದೆ. ಬಂತು. ಬೆರಳಿಗೆ ಅದು ಕಟ್ಟಿಗೆಯಂತಲ್ಲ, ನೆನೆದ ತೊಗಲಿನಂತೆ ತಿಳಿಯುತ್ತಿತ್ತು. ಕೊನೆಯ ಎರಡು ಬೆರಳಿನಷ್ಟು ಉಳಿದಾಗ ಚಿಟ್ ಎಂದಿತು. ನಾಲ್ಕೂ ಜನ ಬಗ್ಗಿ ನೋಡಿದೆವು. ಕೊಂಬೆಯ ಹೊರಮೈಯಲ್ಲಿ ತಂತಿಯ ಎರಡು ಸುತ್ತುಗಳ ನಡುವೆ ತೊಗಟೆ ಸ್ವಲ್ಪ ಸೀಳಿತ್ತು, ಒಳಗಿನ ಕಟ್ಟಿಗೆ ಹಿಡಿದುಕೊಂಡಿತ್ತು. ನಾನು ಕೈ ತೆಗೆಯಲಿಲ್ಲ. ಅಮ್ಮ ಒಂದು ಹಳೆಯ ರಬ್ಬರ್ ಪಟ್ಟಿ ತಂದು ಬಿಗಿಯಾಗಿ ಸುತ್ತಿದಳು. ಅಂಕಲ್ ಚಹಾ ಪೆಟ್ಟಿಗೆ ಎಳೆದು, ಕುಂಡ ಇಳಿಸಿ, ಮುಚ್ಚಳ ಇಟ್ಟು ನೋಡಿದರು. ಮುಚ್ಚಿತು.

‘ಈಗ ಕೊಡಬಹುದಾ?’ ಎಂದು ಆಂಟಿ ಕೇಳಿದರು. ನಾನು ಹೂಂ ಎನ್ನುವಷ್ಟರಲ್ಲಿ ಎರಡು ಕಡೆಯಿಂದ ಎರಡು ಚೊಂಬು ನೀರು ಬಂತು.

ಭಾನುವಾರ ಲಾರಿ ಹೋಯಿತು. ಆಂಟಿ ಲಾರಿಯ ಹಿಂದಿನ ಬಾಗಿಲು ಹಾಕುವವರೆಗೆ ಚಹಾ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅಮ್ಮ ಅಳಲಿಲ್ಲ, ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು, ಅದರಲ್ಲಿ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಸಂಜೆಯವರೆಗೆ ಯೋಚಿಸುತ್ತಿದ್ದಳು.

ಜಬಲ್ಪುರದಿಂದ ಫೋನು ಬಂದದ್ದು ಏಪ್ರಿಲ್ ಮಧ್ಯದಲ್ಲಿ. ‘ದಿಲ್ಲಿ ಚಿಗುರಿದೆ’ ಎಂದರು ಆಂಟಿ, ನಮಸ್ಕಾರಕ್ಕೂ ಮುಂಚೆ. ನಾನು ಒಳಗೊಳಗೇ ಹನ್ನೆರಡನೆಯ ಕೊಂಬೆಗೆ ಗುರುತು ಹಾಕಿದೆ. ಆಮೇಲೆ ಅವರು ಸ್ವಲ್ಪ ತಡೆದು, ‘ಪಠಾಣ್‌ಕೋಟ್ ಹೋಯ್ತು, ಮಗಳೇ. ಪೂರ್ತಿ ಒಣಗಿದೆ. ಉಗುರಲ್ಲಿ ಕೆರೆದು ನೋಡಿದೆ, ಹಸಿರಿಲ್ಲ’ ಎಂದರು.

ನಾನು ಮಣ್ಣು ಒಣಗಿಸಿದ್ದರಿಂದ ಹೀಗಾಯಿತೇ ಎಂದು ಕೇಳಿದೆ.

‘ಯಾರಿಗೆ ಗೊತ್ತು? ಹಳೇ ಕೊಂಬೆ. ಪೆಟ್ಟಿಗೆಯಲ್ಲಿ ಎರಡು ದಿನ ಗಾಳಿ ಬೆಳಕು ಇರಲಿಲ್ಲ. ಬೇಜಾರು ಮಾಡ್ಕೋಬೇಡ. ಪಠಾಣ್‌ಕೋಟಲ್ಲಿ ನಾವಿದ್ದದ್ದೇ ಹತ್ತು ತಿಂಗಳು.’ ಹಿಂದಿನಿಂದ ಅಂಕಲಿನ ಧ್ವನಿ ಕೇಳಿಸಿತು: ‘ಆ ಹತ್ತು ತಿಂಗಳಲ್ಲೇ ನಮ್ಮ ಮಗಳು ಹುಟ್ಟಿದ್ದು ಅಂತ ಹೇಳು.’ ‘ನೀವು ಸುಮ್ಮನಿರಿ’ ಎಂದು ಆಂಟಿ ಅವರನ್ನು ಗದರಿದರು. ನಮ್ಮ ಕಡೆಯ ಬಿಸಿಲಿನ ವಿಚಾರ ಕೇಳಿ ಫೋನು ಇಟ್ಟರು.

ಅಮ್ಮನಿಗೆ ಹೇಳಿದಾಗ ಅವಳು ಬೆಂಡೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ‘ನನ್ನ ಒಂದು ಲೋಟ ಇದ್ದಿದ್ರೆ ಅದೂ ಉಳೀತಿತ್ತು’ ಎಂದಳು. ಇದ್ದಿದ್ದರೆ ದಿಲ್ಲಿ ಮುರಿಯುತ್ತಿತ್ತು ಎಂದು ನಾನೆಂದೆ. ಇಬ್ಬರ ಬಳಿಯೂ ಸಾಕ್ಷ್ಯವಿರಲಿಲ್ಲ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಈ ವಾದ ಅಲ್ಲೇ ನಿಂತಿದೆ. ಆ ಮೇಲೆ ನಾನು ಇನ್ನೂ ಒಂಬತ್ತು ಕೊಂಬೆಗಳಿಗೆ ತಂತಿ ಸುತ್ತಿದ್ದೇನೆ, ಎಲ್ಲವೂ ನನ್ನವೇ. ಬೇರೆಯವರ ಗಿಡ ಮುಟ್ಟಿಲ್ಲ. ಒಂದು ದಿನ ಒಣಗಿಸಿದ್ದೂ ಉಂಟು, ಮೂರು ದಿನ ಒಣಗಿಸಿದ್ದೂ ಉಂಟು. ಒಂದು ಗಿಡದ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಹೋದ ಗುರುವಾರ ಆಂಟಿಯ ಫೋನು ಬಂತು. ಅಂಕಲಿಗೆ ಮತ್ತೆ ವರ್ಗವಾಗಿದೆ, ಈ ಸಲ ಅಂಬಾಲಾ. ಲಾರಿ ಜುಲೈ ಕೊನೆಗೆ. ಗಿಡದ ಎಡಗಡೆ ಜಬಲ್ಪುರದ ಕೊಂಬೆ ಬಂದಿದೆ, ಪೆಟ್ಟಿಗೆಯಿಂದ ನಾಲ್ಕು ಬೆರಳು ಹೊರಗೆ. ಅಲ್ಲಿ ತಂತಿ ಸುತ್ತುವವರು ಯಾರೂ ಗೊತ್ತಿಲ್ಲ, ತಾವೇ ಸುತ್ತುತ್ತಾರಂತೆ. ‘ಎಷ್ಟು ದಿನ ನೀರು ನಿಲ್ಲಿಸಲಿ, ಹೇಳು. ಈ ಸಲ ಯಾವ ಊರೂ ಹೋಗಬಾರದು’ ಎಂದರು. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.

ಜುಲೈ ಎಂದರೆ ಮಳೆಗಾಲ, ಗಾಳಿಯಲ್ಲೇ ತೇವವಿರುತ್ತದೆ. ನನ್ನ ಮಾರ್ಚಿನ ಅನುಭವ ಅಲ್ಲಿ ನಡೆಯಲಿಕ್ಕಿಲ್ಲ. ಆದ್ದರಿಂದ ಓದುಗರಲ್ಲಿ ಬಲ್ಲವರು ಯಾರಾದರೂ ಇದ್ದರೆ ಈ ಪತ್ರಿಕೆಯ ಸಂಪಾದಕರ ಮೂಲಕ ನನಗೊಂದು ಕಾರ್ಡು ಬರೆಯಬೇಕು. ಮೂರು ಬೆರಳು ಆಳದ ಕುಂಡ, ಹದಿನೈದು ವರ್ಷಕ್ಕೆ ಮೀರಿದ ಬೋಗನ್‌ವಿಲ್ಲಾ. ಎಳೆಯ ಕೊಂಬೆ ಬಾಗಬೇಕು, ತೇಜ್‌ಪುರ, ಸಿಕಂದರಾಬಾದ್ ಮತ್ತು ದಿಲ್ಲಿ ಉಳಿಯಬೇಕು. ಮಣ್ಣು ಎಷ್ಟು ಒಣಗಬೇಕು? ‘ಎಷ್ಟು ಬೇಕೋ ಅಷ್ಟು’ ಎಂಬ ಉತ್ತರ ನನ್ನ ಬಳಿ ಈಗಾಗಲೇ ಇದೆ. ಅದನ್ನು ಆಂಟಿಗೆ ಹೇಳುವ ಧೈರ್ಯವಿಲ್ಲ.